ಅಮಸಿದ್ದನ ಪಾಳಿ

ದೀಪ ಸಣ್ಣ ಮಾಡಿರಿ... ಹಾಂ, ಅಷ್ಟು ಸಾಕು. ಇದು ಜೋರಾಗಿ ಹೇಳುವ ಸಂಗತಿ ಅಲ್ಲ.

ನಮ್ಮ ಸೋದರತ್ತೆಯ ಮಗ ಶ್ರೀಶೈಲಪ್ಪ ಆ ರಾತ್ರಿ ಬಸವನ ಬಾಗೇವಾಡಿಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಗಾಡಿ ಬಿಟ್ಟು, ಇಂಗಳೇಶ್ವರದ ಮನೆಗೆ ನಡೆದು ಹೊರಟಿದ್ದ. ಎಪ್ಪತ್ತನಾಲ್ಕರ ಬೇಸಿಗೆ. ಪೆಟ್ರೋಲು ತುಟ್ಟಿಯಾಗಿ, ಗಾಡಿಯನ್ನು ಮನೆತನಕ ಒಯ್ಯುವ ಸೊಕ್ಕು ಯಾವ ಡ್ರೈವರನಿಗೂ ಉಳಿದಿರಲಿಲ್ಲ. ದಾರಿಗೆ ಒಂದು ಒಣಗಿದ ಕೆರೆ. ಕೆರೆಯ ನಟ್ಟನಡುವೆ ದಿನ್ನೆ, ದಿನ್ನೆಯ ಮೇಲೆ ಆಲದ ಮರ. ಗಾಳಿ ಇರಲಿಲ್ಲ. ಆದರೂ ಬಿಳಲು ಒಂದಕ್ಕೊಂದು ತಿಕ್ಕಿ ಕಿರ್ರ್... ಕಿರ್ರ್... ಅನ್ನುತ್ತಿದ್ದವು.

"ಶ್... ಶ್ರೀಶೈಲ..."

ಇವನು ಅಲ್ಲೇ ನಿಂತು ಮರದ ಕಡೆ ಹೊರಳಿದ.

"ಯಾರದು?"

"ನಾನಲೇ, ಚಮನಸಾಬ. ಮೆಲ್ಲಕ ಮಾತಾಡು. ನೆಲ ನೋಡಾಕ ಬಂದೇನಿ."

ಚಮನಸಾಬ ಇವನ ಜೊತೆಯ ಡ್ರೈವರ್, ಅಂಬಾಸಿಡರ್ ಗಾಡಿಯವನು. ಹೂಳು ಹೇರುವ ಚಕ್ಕಡಿಗಳು ತುಳಿದು ತುಳಿದು ಕೆರೆಯ ಅಂಗಳ ಡಾಂಬರಿನ ಹಾಗೆ ಗಟ್ಟಿಯಾಗಿತ್ತು. ಅವನು ಕಡ್ಡಿ ಗೀರಿ, ಶೇಂಗಾ ಕಟ್ಟಿಕೊಟ್ಟ ರದ್ದಿ ಕಾಗದವೊಂದನ್ನು ಬಿಚ್ಚಿದ. ಅಮೇರಿಕಾದ ಫೋಟೋ. ದುಂಡನೆಯ ದಾರಿ, ಅದರ ತುಂಬ ಕಾರು, ಎಲ್ಲವೂ ಒಂದೇ ಕಡೆಗೆ ವಾಲಿದ್ದವು.

"ರೇಸ್ ಐತಿ ಇದು. ಮುಂಜಾನಿಂದ ಸಂಜೀತನಕ ಓಡಸ್ತಾರಂತ. ನಮ್ಮಂಥಾವೇ ಗಾಡಿ."

"ಎಲ್ಲಿಗಿ ಹೋಗ್ತಾರ?"

"ಎಲ್ಲಿಗೂ ಇಲ್ಲ. ಹೊಂಟಲ್ಲೇ ಬರ್ತಾರ."

"ಪ್ಯಾಸೆಂಜರ್?"

"ಒಬ್ಬರೂ ಇಲ್ಲ."

"ದಿನಪೂರ್ತಿ ಖಾಲಿ ಗಾಡಿ ಓಡಸ್ತಾರ? ಹಂಗಾರ ನಂದೂ ಅದೇ ರೇಸ್ ಬಿಡು, ಒಂದ ವರ್ಷದಿಂದ ಓಡಾಕತ್ತೇನಿ."

ನಗೆಯಾಡಿದ, ಆದರೆ ಹೊಟ್ಟೆಯೊಳಗಿನ ಮಾತು. ಸ್ಟ್ಯಾಂಡಿನಲ್ಲಿ ಗಾಡಿಗಳಿಗೆ ಪಾಳಿ ಇತ್ತು. ಮೊದಲ ಪಾಳಿಯವನು ತುಂಬಿಕೊಂಡು ಹೋದಮೇಲೆ ಎರಡನೆಯವನು, ಆಮೇಲೆ ಮುಂದಿನವನು. ಬಾಲದ ತುದಿಗೆ ಶ್ರೀಶೈಲಪ್ಪ. ಅವನ ಪಾಳಿ ಬರುವಷ್ಟರಲ್ಲಿ ಬಸ್ಸು ಎಲ್ಲರನ್ನೂ ಗುಡಿಸಿಕೊಂಡು ಹೋಗಿರುತ್ತಿತ್ತು. ಹೆಂಡತಿ ಇಂದುಬಾಯಿ ಹೆರಿಗೆಗೆಂದು ಹಲಸಂಗಿಯ ತವರಿಗೆ ಹೋದವಳು ತಿರುಗಿ ಬಂದಿರಲಿಲ್ಲ. "ಮೊದಲ ಮನಿ ನಡಸಾಕ ಕಲಿ, ಆಮ್ಯಾಲ ಮಗಳನ್ನ ಕೇಳು" ಅಂದಿದ್ದ ಮಾವ. ಕೂಸಿನ ಮುಖವನ್ನು ಇವನು ನೋಡಿದ್ದು ಒಂದೇ ಸಲ, ಅದೂ ಕೂಸು ಮಲಗಿದ್ದಾಗ.

ಆ ಮೊದಲ ಪಾಳಿ ಈಗ ಖಾಲಿ ಬಿದ್ದಿತ್ತು. ಅದು ಅಮಸಿದ್ದನದು. ಶ್ರೀಶೈಲಪ್ಪನಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದ ಮನುಷ್ಯ. ಹಿಂದಿನ ಮಳೆಗಾಲದಲ್ಲಿ ದೇವರ ಹಿಪ್ಪರಗಿಯ ಆಚೆ ಗಾಡಿಸಮೇತ ಬಾವಿಗೆ ಬಿದ್ದು ತೀರಿಕೊಂಡಿದ್ದ. ಅಂದಿನಿಂದ ಆ ಜಾಗ ಯಾರದೆಂದು ದಿನಾ ಜಗಳ.

"ರೇಸ್‌ದಾಗ ಈ ಗಿಡದ ಸುತ್ತ ಓಡಸಿ ಗೆದ್ದಾವಗ ಅಮಸಿದ್ದನ ಜಾಗ," ಅಂದ ಚಮನಸಾಬ. "ನೀ, ನಾ, ಜೀಪಿನ ಸೋಮನಿಂಗ. ನಿಂದಂತೂ ಅಮೇರಿಕಾದ ಡಾಜ್ ಗಾಡಿ. ಅದಕ್ಕ ಈ ಆಟ ಮೊದಲ ಗೊತ್ತಿರತೈತಿ."

ಮರುದಿನ ಉಣ್ಣುತ್ತ ಕೂತಾಗ ಶ್ರೀಶೈಲಪ್ಪ ಈ ಸುದ್ದಿಯನ್ನು ತಾಯಿ ಶಂಕ್ರೆವ್ವನಿಗೆ ಹೇಳಿದ. ರೊಟ್ಟಿ ಬಡಿಯುವ ಕೈ ನಿಂತಿತು.

"ಗಿಡದ ಸುತ್ತ ಯಾವ ಕಡಿ ಹೊರಳ್ತೀರಿ?"

"ಎಡಕ್ಕ. ಫೋಟೋದಾಗ ಹಂಗ ಐತಿ."

"ಎಪ್ಪಾ... ದೇವರನ್ನ ಬಲಕ್ಕ ಸುತ್ತತಾರ. ಎಡಕ್ಕ ಸುತ್ತೋದು ಹೆಣಾನ. ರಾತ್ರಿ ಹೊತ್ತು ಹಂಗ ಸುತ್ತಿದ್ರ ಸತ್ತವರನ್ನ ಕರದಂಗ."

ಚಮನಸಾಬನಿಗೆ ಇದನ್ನು ಮುಟ್ಟಿಸಿದಾಗ ಅವನು ಬೀಡಿಯ ಹೊಗೆಯ ಸಂಗಡ ನಕ್ಕ. "ಅಮೇರಿಕಾದವರೇನು ಎಲ್ಲಾರೂ ಸತ್ತಾರೇನು? ಬಲಕ್ಕ ಸುತ್ತಿದ್ರ ಅದು ರೇಸ್ ಅಲ್ಲ, ಪೂಜಿ."

ಹೀಗೆ ಎಡಕ್ಕೇ ಅಂತ ಆಯಿತು.

ಅಮಾವಾಸ್ಯೆಯ ಹತ್ತಿರದ ಕತ್ತಲು. ಹಗಲು ಚಕ್ಕಡಿಯವರು, ಪೊಲೀಸರು, ಅದಕ್ಕೇ ರಾತ್ರಿ. ಮೂವರೂ ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದ್ದರು. ನಿಯಮ ಒಂದೇ. ನಿಲ್ಲಬಾರದು. ನಿಂತವನು ಸೋತ, ಕಡೆಗೆ ಉಳಿದವನು ಗೆದ್ದ.

ಹೊರಟರು. ಡಾಜಿನ ಎಂಜಿನ್ನು ಗುಡುಗುಡು ಅನ್ನುತ್ತಿತ್ತು. ಜೀಪಿನ ತಗಡು ಲಟಲಟ. ಅಂಬಾಸಿಡರಿನ ಸೈಲೆನ್ಸರ್ ಒಡೆದು ಭರ್ರ್... ಆಲದ ಮರ ಎಡಗಡೆಗೆ ಬಂತು, ಹೋಯಿತು, ಬಂತು. ಧೂಳಿನಲ್ಲಿ ಯಾರು ಮುಂದೆ, ಯಾರು ಹಿಂದೆ ತಿಳಿಯದಾಯಿತು. ಶ್ರೀಶೈಲಪ್ಪ ಮುಂದಿನ ಗಾಡಿಯ ಕೆಂಪು ದೀಪವೊಂದನ್ನೇ ನೋಡುತ್ತ ಓಡಿಸಿದ. ಚಮನಸಾಬನೇ ಇರಬೇಕು. ಬಿಡಬಾರದು. ಕೂಸು ಈಗ ಬೋರಲಾಗುತ್ತಿರಬಹುದು...

ಎಷ್ಟೋ ಹೊತ್ತಿನ ಮೇಲೆ ಅವನ ದೀಪದ ಬೆಳಕು ಕೆರೆಯ ಏರಿಯ ಬುಡಕ್ಕೆ ಬಿತ್ತು. ಅಲ್ಲಿ ಅಂಬಾಸಿಡರ್ ನಿಂತಿತ್ತು. ಬಾನೆಟ್ಟು ಎತ್ತಿ, ಸುಸ್ಸ್... ಅಂತ ಉಗಿ ಬಿಡುತ್ತ. ಅದರ ಪಕ್ಕಕ್ಕೆ ಜೀಪು, ಟೈರು ಒಡೆದು ಕೂತಿತ್ತು. ಚಮನಸಾಬ, ಸೋಮನಿಂಗ ಇಬ್ಬರೂ ಟವೆಲ್ಲು ಬೀಸುತ್ತಿದ್ದರು.

"ಗೆದ್ದಿ! ನಿಲ್ಸೋ, ಗೆದ್ದಿ!"

"ಮುಂದ ಒಂದ ಗಾಡಿ ಐತಲ್ಲೋ," ಅಂತ ಇವನು ಕೂಗಿದ.

ಅವರು ಟವೆಲ್ಲು ಬೀಸುವುದನ್ನು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಕಂಡದ್ದು ಒಂದೇ ಗಾಡಿಯ ದೀಪ. ಆದರೆ ಕೇಳಿಸಿದ್ದು... ಎರಡು ಎಂಜಿನ್ನು.

ಶ್ರೀಶೈಲಪ್ಪ ಮತ್ತೆ ಹೊರಳಿದ. ಮುಂದಿನ ಕೆಂಪು ದೀಪವೂ ಹೊರಳಿತು. ಕಿಟಕಿಯಿಂದ ವಾಸನೆ ಬಂತು. ಸೀಮೆಎಣ್ಣೆಯದಲ್ಲ, ಶುದ್ಧ ಪೆಟ್ರೋಲಿನದು. ಅದರ ಹಿಂದೆಯೇ ಬಾವಿಯ ಪಾಚಿಯ ನಾತ.

ಆಮೇಲೆ ಆ ಸದ್ದು.

ಠಣ್... ಠಣ್.

ಕೈಯ ಕಡಗವನ್ನು ಗಾಡಿಯ ಬಾಗಿಲ ಹೊರತಗಡಿಗೆ ಎರಡು ಸಲ ಬಡಿಯುವುದು. ಹಿಂದ ಸರಿ, ನಾ ಮುಂದ ಇದ್ದೇನಿ ಅಂತ ಅದರ ಅರ್ಥ. ಇಂಡಿಯಿಂದ ಮುದ್ದೇಬಿಹಾಳದವರೆಗೆ ಹಾಗೆ ಬಡಿಯುವ ಡ್ರೈವರ್ ಒಬ್ಬನೇ ಇದ್ದ.

ಶ್ರೀಶೈಲಪ್ಪ ಎಕ್ಸಲರೇಟರಿನಿಂದ ಕಾಲು ತೆಗೆದ. ಗಾಡಿ ನಿಧಾನ ಆಗಲಿಲ್ಲ. ಬ್ರೇಕು ಒತ್ತಿದ. ಪೆಡಲು ತಳಕ್ಕೆ ಹತ್ತಿತು, ಗಾಡಿ ಕೇಳಲಿಲ್ಲ. ಬಲಕ್ಕೆ ಹೊರಳಿಸಲು ಎರಡೂ ಕೈಯಿಂದ ಜಗ್ಗಿದ. ಸ್ಟೇರಿಂಗು ಕಲ್ಲು. ಎಡಕ್ಕಾದರೆ ಬೆರಳು ತಾಗಿಸಿದರೆ ಸಾಕು, ತಾನೇ ತಿರುಗುತ್ತಿತ್ತು.

ಸುತ್ತು ಸಣ್ಣದಾಗುತ್ತಿತ್ತು... ಪ್ರತಿ ಸಲವೂ ಸ್ವಲ್ಪ ಸ್ವಲ್ಪ. ಮೊದಲು ಎಲೆ, ಆಮೇಲೆ ಬಿಳಲು ಗಾಡಿಯ ಟಪ್ಪಿನ ಮೇಲೆ ಸರ್ರ್... ಸರ್ರ್... ಎಳೆದವು. ಆಲದ ಬೊಡ್ಡೆ ಬೆಳಕಿನಲ್ಲಿ ಬೆಳ್ಳಗೆ ಕಾಣಿಸಿತು. ಕೆಂಪು ದೀಪ ನೇರ ಅದರ ಕಡೆಗೆ ಇವನನ್ನು ಕರೆದೊಯ್ಯುತ್ತಿತ್ತು.

ಶ್ರೀಶೈಲಪ್ಪ ಪಿಸುಗುಟ್ಟಿದ.

"ಕಾಕಾ... ಅಮಸಿದ್ದಕಾಕಾ. ಪಾಳಿ ನಿಂದು. ನಾ ಬೇಡಾಂಗಿಲ್ಲ. ನಾ ಹಿಂದ ನಿಲ್ತೇನಿ... ಕೂಸಿನ ಮಾರಿ ಇನ್ನೂ ಸರಿಯಾಗಿ ನೋಡಿಲ್ಲೋ ಕಾಕಾ."

ಮುಂದಿನ ದೀಪ ಒಮ್ಮೆ ಜೋರಾಗಿ ಬೆಳಗಿತು, ಬ್ರೇಕು ಒತ್ತಿದ ಹಾಗೆ. ಡಾಜಿನ ಎಂಜಿನ್ನು ಗಪ್ಪಾಯಿತು. ಬಂಪರು ಆಲದ ಬೇರಿಗೆ ಮೆತ್ತಗೆ ತಾಗಿ ಗಾಡಿ ನಿಂತಿತು. ಕತ್ತಲಲ್ಲಿ ಇನ್ನೊಂದು ಗಾಡಿ ಏರಿ ಹತ್ತಿದ್ದು ಮೂವರಿಗೂ ಕೇಳಿಸಿತು. ಮೊದಲನೇ ಗೇರು... ಎರಡನೆಯದು... ಬಾಗೇವಾಡಿಯ ಕಡೆಗೆ... ಮೂರನೆಯದು. ಆಮೇಲೆ ಇಲ್ಲ.

ಮೂವರೂ ಬೆಳಕು ಹರಿಯುವತನಕ ಅಲ್ಲೇ ಕೂತು, ಆಮೇಲೆ ನಡೆದು ಸ್ಟ್ಯಾಂಡಿಗೆ ಬಂದರು. ಚಾದಂಗಡಿಯ ಇಮಾಮಬಿ ಒಲೆ ಮುಂದೆ ಇದ್ದಳು.

"ಯಾರ ಮಣ್ಣಿಗಿ ಹೋಗಿದ್ರಿಲೇ, ಈ ಮಾರಿ ಮಾಡಕೊಂಡು ಬಂದೀರಿ? ಮೊದಲ ಪಾಳಿ ಹೋಗಿ ಬಾಳ ಹೊತ್ತಾತು."

"ಯಾರ ಗಾಡಿ, ಇಮಾಮಬಿ?" ಅಂದ ಸೋಮನಿಂಗ.

"ಯಾರಿಗ್ಗೊತ್ತು. ಒಲಿ ಊದಾಕತ್ತಿದ್ದೆ, ಹೊಗಿ ಕಣ್ಣಾಗ. ದೇವರ ಹಿಪ್ಪರಗಿಯ ಮುದುಕಿ ಒಬ್ಬಾಕಿ ಹತ್ತಿದ್ಲು, ಹೋತು."

ಅಂದಿನಿಂದ ಆ ಜಾಗದಲ್ಲಿ ಯಾರೂ ಗಾಡಿ ನಿಲ್ಲಿಸಲಿಲ್ಲ. ಒಂದು ಗಾಡಿಯಷ್ಟು ನೆಲ ಖಾಲಿ ಬಿಟ್ಟು ಅದರ ಹಿಂದೆ ನಿಲ್ಲಬೇಕು. ಆ ಹಿಂದಿನ ಜಾಗಕ್ಕೆ ಚಮನಸಾಬ, ಸೋಮನಿಂಗ ಇಬ್ಬರೂ ಶ್ರೀಶೈಲಪ್ಪನನ್ನೇ ದಬ್ಬಿದರು. "ನಿನ್ನ ಜೀವಂತ ಬಿಟ್ಟಾನ. ಅವನ ಬೆನ್ನಿಗಿ ನಿಲ್ಲಾಕ ನಿನಗೊಬ್ಬಗ ಪರವಾನಗಿ ಐತಿ." ಪ್ಯಾಸೆಂಜರರು ಖಾಲಿ ನೆಲದಲ್ಲಿ ಹತ್ತುವುದಿಲ್ಲವಲ್ಲ, ಇವನ ಗಾಡಿಯೇ ಮೊದಲು ತುಂಬತೊಡಗಿತು. ಕಾರಹುಣ್ಣಿಮೆಗೆ ಇಂದುಬಾಯಿ ಕೂಸನ್ನು ಎತ್ತಿಕೊಂಡು ಇಂಗಳೇಶ್ವರಕ್ಕೆ ಬಂದಳು.

ಆದರೂ ಶ್ರೀಶೈಲಪ್ಪನಿಗೆ ನಿದ್ದೆ ಇರಲಿಲ್ಲ. ಒಂದು ಸಂತೆಯ ದಿನ ದೇವರ ಹಿಪ್ಪರಗಿಗೆ ಹೋಗಿ, ಕೇಳಿ ಕೇಳಿ ಆ ಮುದುಕಿಯ ಮನೆ ಹುಡುಕಿದ. ಜೊತೆಗೆ ಈ ಬಡಪಾಯಿ ನಾನೂ ಇದ್ದೆ. ಮುದುಕಿ ಹೊರಗಟ್ಟೆಯ ಮೇಲೆ ಕೂತು ತೊಗರಿ ಹಸನ ಮಾಡುತ್ತಿದ್ದಳು.

"ಸುಖವಾಗಿ ಬಂದೆನಪ್ಪಾ. ಚಲೋ ಮನಿಷಾ, ಒಂದ ಮಾತ ಆಡಲಿಲ್ಲ. ಬಾಡಗಿ ಕೊಡಾಕ ಹೋದ್ರ ಗಾಡೀನೇ ಇಲ್ಲ. ನನ್ನ ರೊಟ್ಟಿಗಂಟು ಅದರಾಗ ಉಳೀತು."

"ಹೋತಂಗಾರ," ಅಂದ ಶ್ರೀಶೈಲಪ್ಪ.

"ಇಲ್ಲೋ. ಮರುದಿನ ಮುಂಜಾನೆದ್ದು ನೋಡ್ತೇನಿ, ಬಾಗಲ ಚಿಲಕಕ್ಕ ತೂಗಹಾಕಿತ್ತು."

ನಾನು ಹೇಳುವುದಕ್ಕೆಲ್ಲ ಉಪ್ಪುಖಾರ ಹಚ್ಚುತ್ತೇನೆ ಅನ್ನುತ್ತೀರಿ. ಹಚ್ಚುವವನಾಗಿದ್ದರೆ ಇದಕ್ಕಿಂತ ದೊಡ್ಡದೇನಾದರೂ ಹಚ್ಚುತ್ತಿದ್ದೆ. ಮುದುಕಿ ಹೇಳಿದ್ದು ಇಷ್ಟೇ, ನನ್ನ ಕಿವಿಯಿಂದ ಕೇಳಿದ್ದು. ಗಂಟು ಬಿಚ್ಚಿದಾಗ ರೊಟ್ಟಿ ಬಿಸಿ ಇದ್ದವಂತೆ.