ತಿರುಗುಮುರುಗಾದ ಫಿಲ್ಟರ್

ಅಧ್ಯಕ್ಷರೇ, ವೇದಿಕೆಯ ಹಿರಿಯರೇ, ಶಹಾಬಾದ, ಚಿತ್ತಾಪುರ, ಸೇಡಂನಿಂದ ಗಾಡಿ ಓಡಿಸಿಕೊಂಡು ವಾಡಿಗೆ ಬಂದಿರುವ ಸಭಿಕರೇ, ಈ ಸಭೆಯಲ್ಲಿ ಒಂದು ತಪ್ಪು ನಡೆಯುತ್ತಿದೆ. ಸನ್ಮಾನಕ್ಕೆ ಯೋಗ್ಯನಲ್ಲದವನಿಗೆ ಸನ್ಮಾನ ಮಾಡುತ್ತಿದ್ದೀರಿ. ಆ ಶಾಲನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ.

ನನ್ನನ್ನು ಕರೆದದ್ದು ಒಂದು ಕರಪತ್ರಕ್ಕಾಗಿ. ‘ತೊಳೆದ ಫಿಲ್ಟರ್ ಹಾಕುವವನು ಕಳ್ಳ’ ಎಂದು ಬರೆದೆ, ಬಸ್‌ಸ್ಟ್ಯಾಂಡಿನಲ್ಲೂ ಮನೆಮನೆಗೂ ಹಂಚಿದೆ. ಯಾರ ಹೆಸರೂ ಬರೆದಿರಲಿಲ್ಲ. ಬರೆಯಬೇಕಾಗಿತ್ತೇ? ನಾನು ಕೆಲಸ ಕಲಿತ, ಈಗಲೂ ಕೆಲಸ ಮಾಡುವ ಮುಬೀನ ಉಸ್ತಾದರ ಗ್ಯಾರೇಜಿನ ಬಾಗಿಲಲ್ಲೇ ಫಿಲ್ಟರ್ ತೊಳೆಯುವ ಪೆಟ್ರೋಲಿನ ತಟ್ಟೆ ಇರುವುದು ಇಡೀ ವಾಡಿಗೆ ಗೊತ್ತು.

ಈಗ ಸರಿಯಾಗಿ ಹೇಳುತ್ತೇನೆ. ಕಾಗದದ ಫಿಲ್ಟರನ್ನು ತೊಳೆದು ಹೊಸದೆಂದು ಹಾಕಿದರೆ ಅದು ಮೋಸವೇ. ಆದರೆ ಹಳೆಯ ಗಾಡಿಗಳಲ್ಲಿ ಕಾಗದದ ಬದಲು ತಂತಿಯ ಜಾಳಿಗೆ ಇರುತ್ತದೆ. ಅದನ್ನು ತೊಳೆದೇ ಹಾಕಬೇಕು. ಉಸ್ತಾದರು ತೊಳೆದದ್ದು ಜಾಳಿಗೆ ಮಾತ್ರ. ಇದು ನನಗೆ ಗೊತ್ತಿರಲಿಲ್ಲವೇ? ಆರು ವರ್ಷ ಅಲ್ಲೇ ಕೂತು ನಾನೂ ತೊಳೆದಿದ್ದೇನೆ. ಗೊತ್ತಿತ್ತು.

ಹಾಗಾದರೆ ಏಕೆ ಬರೆದೆ? ದಂಡೋತಿಯ ನರ್ಸ್ ರಾಧಿಕಾ ಅಕ್ಕೋರ ಮೋಟಾರ್‌ಸೈಕಲ್ ಕಾಗಿಣಾ ಸೇತುವೆಯ ಮೇಲೆ ನಿಂತುಹೋಯಿತು. ಎಂಜಿನ್ ಜಾಮ್. ಹಿಂದಿನ ದಿನವಷ್ಟೇ ನಮ್ಮಲ್ಲಿ ಆಯಿಲ್ ಬದಲಾಗಿತ್ತು. ಜನ ಕಾರಣ ಕೇಳಿದರು. ಉಸ್ತಾದರು ತೊಳೆದದ್ದನ್ನೇ ಹಾಕುತ್ತಾರೆ ಎಂದುಬಿಟ್ಟೆ. ಹೇಳಿದ ಮೇಲೆ ನನಗೇ ಅದು ನಿಜ ಅನ್ನಿಸತೊಡಗಿತು. ವಾರದೊಳಗೆ ಕರಪತ್ರ ಅಚ್ಚಾಯಿತು.

ಆದರೆ ಆ ಫಿಲ್ಟರ್ ಹಾಕಿದವನು ನಾನು. ಹೊಸದು, ಅದೇ ಗಾಡಿಯದು, ಸರಿಯಾದ ಅಳತೆಯದು. ಹಾಕುವಾಗ ಅಕ್ಕೋರಿಗೆ ಗ್ರಾಹಕರ ಹಕ್ಕಿನ ಬಗ್ಗೆ ಉಪನ್ಯಾಸ ಕೊಡುತ್ತಿದ್ದೆ. ಅವರು ಎರಡು ಸಲ ಹೇಳಿದರು: “ತಮ್ಮಾ, ಭಾಷಣ ಆಮ್ಯಾಲ ಮಾಡು, ಮೊದಲ ಕೈಯಾಗಿನ ಕೆಲಸ ನೋಡು.” ನಾನು ನೋಡಲಿಲ್ಲ. ಫಿಲ್ಟರಿನ ಯಾವ ಮುಖ ಹೊರಗೆ ಬರಬೇಕೆಂದು ಅದರ ಮೇಲೆಯೇ ಬರೆದಿರುತ್ತದೆ. ಊರಿಗೆಲ್ಲ ಓದಿರಿ ಓದಿರಿ ಎನ್ನುವ ನಾನು ಅದೊಂದನ್ನು ಓದಲಿಲ್ಲ.

ಕರಪತ್ರ ಹಂಚಿದ ಮೂರನೆಯ ದಿನ ಉಸ್ತಾದರು ಆ ಎಂಜಿನ್ ಬಿಚ್ಚಿದರು. ಮುಚ್ಚಳ ತೆಗೆದರು. ಫಿಲ್ಟರ್ ತಿರುಗುಮುರುಗಾಗಿ ಕೂತಿತ್ತು. ಎಣ್ಣೆಯ ದಾರಿಯೇ ಮುಚ್ಚಿತ್ತು. ಅಲ್ಲಿ ನಾವಿಬ್ಬರೇ ಇದ್ದೆವು.

“ಏನಪಾ ಲೀಡರ್, ಹಾಕಾಗ ಅದರ ಮಾರಿ ಯಾವ ಕಡಿ ಐತಿ ನೋಡಿದ್ದಿಲ್ಲೇನು?”

ನಾನು ಫಿಲ್ಟರನ್ನು ಕೈಗೆತ್ತಿಕೊಂಡು ಅದರ ಮೇಲಿನ ಬರಹವನ್ನು ಆಗ ಓದಿದೆ.

“ಹೋಗ್ಲಿ ಬಿಡು. ಪಿಸ್ಟನ್ ಭಾಳ ಕೆರದೈತಿ. ಕಲಬುರಗಿಗಿ ಹೋಗಿ ಹೊಸಾದು ತೊಗೊಂಡು ಬಾ.”

ಅಷ್ಟೇ. ಅಕ್ಕೋರಿಗೆ “ತಪ್ಪು ನಮ್ಮ ಗ್ಯಾರೇಜಿಂದ ಆಗ್ಯಾದ್ರಿ” ಎಂದರು. ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಇದಾಗಿ ಎರಡು ತಿಂಗಳು. ಒಂದು ಕಾಲಕ್ಕೆ ಗಾಡಿ ನಿಲ್ಲಿಸಲು ಜಾಗವಿಲ್ಲದ ಆ ಅಂಗಳ ಈಗ ಖಾಲಿ. ಉಸ್ತಾದರು ಬೆಳಗ್ಗೆ ಬಾಗಿಲು ತೆಗೆಯುತ್ತಾರೆ, ಬೋಲ್ಟು ಬಿಚ್ಚುವ ಪಾನಾಗಳನ್ನು ಒರೆಸಿ ಸಾಲಾಗಿ ಜೋಡಿಸುತ್ತಾರೆ, ಸಂಜೆ ಅವನ್ನೇ ಎತ್ತಿಡುತ್ತಾರೆ. ಅದನ್ನು ದಿನಾ ನೋಡಿಯೂ ಸುಮ್ಮನಿದ್ದ ನಾನು ಅನ್ಯಾಯದ ವಿರುದ್ಧ ಇನ್ನೂ ಎರಡು ಕರಪತ್ರ ಬರೆದೆ.

ಮುಂದಿನ ಸಾಲಿನಲ್ಲಿ ಗೆಳೆಯರು ಕೈಸನ್ನೆ ಮಾಡುತ್ತಿದ್ದಾರೆ, ಸಾಕು ಎಂದು. ಸಾಕಾಗಲಿಲ್ಲ. ಸುಳ್ಳನ್ನು ಮನೆಮನೆಗೆ ಮುಟ್ಟಿಸಿದವನು ನಿಜವನ್ನು ಒಂದು ಸಭಾಂಗಣದಲ್ಲಿ ಹೇಳಿ ಕೈತೊಳೆದುಕೊಂಡರೆ ಆಯಿತೇ?

ಅಧ್ಯಕ್ಷರಿಗೆ, ನನ್ನ ಮಾತನ್ನು ನಡುವೆ ತಡೆಯದ ನಿಮ್ಮೆಲ್ಲರಿಗೆ ನಾನು ಕೃತಜ್ಞ. ಕಲಬುರಗಿಯಲ್ಲಿ ಆಗ ಸಿಗದ ಪಿಸ್ಟನ್ ಮೊನ್ನೆಯಷ್ಟೇ ಬಂದು ರಾಧಿಕಾ ಅಕ್ಕೋರ ಎಂಜಿನ್ ಜೋಡಣೆ ಮುಗಿದಿದೆ, ಫಿಲ್ಟರ್ ಒಂದು ಬಾಕಿ. ಅದನ್ನು ನಿಮ್ಮೆಲ್ಲರ ಎದುರಿಗೆ ನಾನು ಹಾಕುತ್ತೇನೆ, ಉಸ್ತಾದರು ನೋಡುತ್ತಾರೆ. ಕರಪತ್ರ ಓದಿದವರನ್ನೆಲ್ಲ ಕರೆದುಕೊಂಡು ಬನ್ನಿ. ನಮಸ್ಕಾರ. ಬರುವ ಭಾನುವಾರ, ಬೆಳಗ್ಗೆ ಹತ್ತು ಗಂಟೆಗೆ, ಮುಬೀನ ಉಸ್ತಾದರ ಗ್ಯಾರೇಜಿನಲ್ಲಿ.