ಬಲೆಗೆ ಬಿದ್ದವನ ಎರಡು ಮಾತು

ಅಧ್ಯಕ್ಷರೂ ನನ್ನ ಧಣಿಗಳೂ ಆದ ದತ್ತಮೂರ್ತಿಯವರೇ, ವೇದಿಕೆಯ ಹಿರಿಯರೇ, ಕೊಪ್ಪ ಸೀಮೆಯ ಅಡಿಕೆಕೊನೆ ಕೊಯ್ಯುವ ಬಂಧುಗಳೇ, ಮುಂದಿನ ಸಾಲಿನಲ್ಲಿ ಕುಳಿತ ನನ್ನ ಹೆಂಡತಿ ಭೈರಮ್ಮನೂ ಸೇರಿದಂತೆ ಸಮಸ್ತ ಸಭಿಕರೇ,

ಚಂಡಮಾರುತ ಬಡಿದ, ಘಟ್ಟದ ಕೆಳಗಿನ ಕಡಲತೀರಕ್ಕೆ ಹೋಗಿ ಮನೆಗಳ ಮೇಲೆ ಬಿದ್ದ ಮರ ತೆಗೆದೆವೆಂದು ನಮ್ಮ ಏಳು ಜನರಿಗೆ ಶಾಲು ಹೊದಿಸಿದ್ದೀರಿ. ಸನ್ಮಾನಪತ್ರದಲ್ಲಿ ಈ ಹಿರೇಕೊಡಿಗೆ ಗುರುವ ಜೀವದ ಹಂಗು ತೊರೆದ ಎಂದಿದೆ. ಎಲ್ಲಿ ತೊರೆದೆ ಸ್ವಾಮಿ? ನಾನು ಮಾಡಿದ್ದು ಒಂದು ತಪ್ಪು.

ಜಲಜಕ್ಕ ಎಂಬ ಮೀನುಗಾರ್ತಿಯ ಮನೆಯ ಮೇಲೆ ತೆಂಗೊಂದು ವಾಲಿ ನಿಂತಿತ್ತು. ಅದರ ತಲೆಗೆ ಹಗ್ಗ ಬಿಗಿಯಲು ಪಕ್ಕದ ಗಟ್ಟಿ ತೆಂಗನ್ನು ಹತ್ತಿದೆ. ಅಡಿಕೆ ಮರವಾದರೆ ತುದಿಯಲ್ಲಿ ತೂಗಿ ಪಕ್ಕದ ಮರ ಹಿಡಿಯುತ್ತೇವಲ್ಲವೇ? ಇಪ್ಪತ್ತು ವರ್ಷದ ಅಭ್ಯಾಸ, ಅಲ್ಲೂ ತೂಗಿದೆ. ತೆಂಗು ಬಾಗುತ್ತದೆಯೇ? ಕೈ ಜಾರಿತು.

ಕೆಳಗೆ ಮೀನುಗಾರರ ಕೇರಿಯ ಎಂಟು ಜನ ಬಲೆ ಹಿಡಿದು ನಿಂತಿದ್ದರು. ದೋಣಿಗಳು ಕಡಲ ಪಾಲಾಗಿದ್ದವು, ಹಂಚು ಗಾಳಿಯ ಪಾಲಾಗಿತ್ತು. ಆ ಕೇರಿಗೆ ಉಳಿದದ್ದು ದಡದಲ್ಲೇ ನಿಂತು ಎಳೆಯುವ ಅದೊಂದೇ ಬಲೆ. ನಾನು ಹತ್ತುವಾಗಲೇ ಅದನ್ನು ಬಿಡಿಸಿ ಹಿಡಿಯಿರೆಂದವಳು ಜಲಜಕ್ಕ. ನನಗೇಕೆ ಬಲೆ ಎಂದು ಆಗ ನಕ್ಕಿದ್ದೆ. ಬಿದ್ದೆ. ಬಲೆ ನಟ್ಟನಡುವೆ ಹರಿಯಿತು, ನನಗೆ ಮೊಣಕೈ ತರಚಿತು, ಅಷ್ಟೇ. ಭೈರಮ್ಮ, ಮನೆಯಲ್ಲಿ ಮುಳ್ಳು ಗೀರಿತು ಎಂದಿದ್ದೆ. ಕ್ಷಮಿಸು.

ಇವರ ಅನ್ನವನ್ನೇ ಹರಿದೆನಲ್ಲ ಎಂದು ಅಲ್ಲೇ ಕುಳಿತು ಅತ್ತುಬಿಟ್ಟೆ. ಜಲಜಕ್ಕ ನನ್ನ ಮೈಮೇಲಿನ ಮರಳು ಕೊಡವುತ್ತಾ ಹೇಳಿದಳು: “ಬಲಿ ಹರ್ದ್ರೆ ಮತ್ತ್ ಕಟ್ಲಕ್ಕ್. ನಿನ್ನ ಮತ್ತ್ ಕಟ್ಲಕ್ಕಾ, ಮಾರಾಯ?”

ಆ ದಿನ ಮಧ್ಯಾಹ್ನ ಎರಡನೆಯ ಸಲ ಹತ್ತಿ ಹಗ್ಗ ಬಿಗಿದೆ. ಮರ ಇಳಿಯಿತು, ಮನೆ ಉಳಿಯಿತು. ಸನ್ಮಾನಪತ್ರದಲ್ಲಿ ಇರುವುದು ಇದೊಂದೇ. ನಮ್ಮ ಉಳಿದ ಆರು ಜನ ಆಗ ಬೇರೆ ಮನೆಗಳ ಕಡೆ ಇದ್ದರು, ಮೊದಲನೆಯ ಸಲದ್ದನ್ನು ನಾನೇ ಯಾರಿಗೂ ಹೇಳಿರಲಿಲ್ಲ. ಮರ್ಯಾದೆಯ ಪ್ರಶ್ನೆ ನೋಡಿ.

ನಿನ್ನೆ ಜಲಜಕ್ಕನಿಗೆ ಫೋನ್ ಮಾಡಿದ್ದೆ. ಬಲೆ ಇನ್ನೂ ಅರ್ಧ ಹರಿದೇ ಇದೆ, ಗಂಟು ಹಾಕಲು ಕೈ ಸಾಲದು ಎಂದಳು. ಸನ್ಮಾನಕ್ಕೆ ಬಂದವನು ಬೇಡಿಕೆ ಇಡಬಾರದು, ಗೊತ್ತು. ಆದರೂ ಧಣಿಗಳೇ, ನಿಮ್ಮ ತೋಟದ ಕೊಯ್ಲು ಎಂಟು ದಿನ ತಡವಾಗಲಿ. ನಾವು ಏಳೂ ಜನ ನಾಳೆ ಘಟ್ಟ ಇಳಿಯುತ್ತೇವೆ. ಮನೆಗೆ ಬಂದು ಕೇಳಿದರೆ ನೀವು ಬೇಡ ಎನ್ನುತ್ತಿದ್ದಿರಿ, ಅದಕ್ಕೇ ಮೈಕಿನಲ್ಲಿ ಕೇಳಿದೆ.

ತಲೆಯಾಡಿಸಿದಿರಿ. ಸಭೆಯೇ ಸಾಕ್ಷಿ.

ನಿಮಗೂ, ನನ್ನ ಭಾರ ಹೊತ್ತ ಆ ಹದಿನಾರು ಕೈಗಳಿಗೂ ಕೈಮುಗಿಯುತ್ತೇನೆ. ನಮಸ್ಕಾರ.