ಬಟ್ಟೆ ಒಗೆಯುವ ಕೋಣೆಯಲ್ಲಿ ಕಲಿತ ಮಾತು

ಸಭೆಯ ಅಧ್ಯಕ್ಷರಾದ ಹೋಕನ್ ಅವರೇ, ಪುರಸಭೆಯಿಂದ ಬಂದಿರುವ ಅತಿಥಿಗಳೇ, ಇಷ್ಟು ವರ್ಷ ನನ್ನನ್ನು ಸಹಿಸಿಕೊಂಡ ಸಹೋದ್ಯೋಗಿಗಳೇ, ಮತ್ತು ಆ ಹಸಿರು ಕೇಕಿನ ಮೇಲೆ ಕಣ್ಣಿಟ್ಟು ಕೂತಿರುವ ಸಭಿಕರೇ,

ನಿವೃತ್ತಳಾಗುವವಳು ಚುಟುಕಾಗಿ ಮಾತಾಡಬೇಕಂತೆ. ಮಕ್ಕಳಿಗೆ ಮಾತು ಕಲಿಸುವುದೇ ಕಸುಬಾದವಳಿಗೂ ಆ ನಿಯಮ ಅನ್ವಯಿಸುತ್ತದೆಯೇ? ಅಧ್ಯಕ್ಷರು ಆಗಲೇ ಗಡಿಯಾರ ನೋಡಿದರು. ನೋಡಲಿ.

ನಮ್ಮ ಚಿಕಿತ್ಸಾಲಯದಲ್ಲಿ ಒಂದು ಪದ್ಧತಿಯಿದೆ. ಮಗು ನಮ್ಮಲ್ಲಿ ಕಲಿತದ್ದನ್ನು ಮನೆಯಲ್ಲಿ ದಿನವೂ ಗಟ್ಟಿಯಾಗಿ ಹೇಳಿಸಬೇಕು. ಹೇಳಿಸದಿದ್ದರೆ ಮನೆಯವರಿಗೆ ಆಸಕ್ತಿಯಿಲ್ಲ ಎಂದು ತೀರ್ಮಾನಿಸಿ ಕೈಬಿಡುತ್ತೇವೆ. ಒಳ್ಳೆಯ ಪದ್ಧತಿ. ಮನೆಯಲ್ಲಿ ಗಟ್ಟಿಯಾಗಿ ಮಾತಾಡಬಲ್ಲವರಿಗೆ ಬಹಳ ಒಳ್ಳೆಯ ಪದ್ಧತಿ.

ತೂವಾ ಎಂಬ ಆರು ವರ್ಷದ ಹುಡುಗಿ ನನ್ನ ಬಳಿ ಬಂದಾಗ ಬರೀ ಪಿಸುಗುಟ್ಟುತ್ತಿದ್ದಳು, ಅದರಲ್ಲೂ ಅರ್ಧ ನುಂಗುತ್ತಿದ್ದಳು. ಗಂಟಲು ಚೆನ್ನಾಗಿತ್ತು, ಕಿವಿ ಚೆನ್ನಾಗಿತ್ತು. ಬೇಸಿಗೆ ಮುಗಿಯುವುದರೊಳಗೆ ಬಾಯಿ ಬಿಡದಿದ್ದರೆ ಓಣಿಯ ಮಕ್ಕಳ ಜೊತೆ ಶಾಲೆಯಿಲ್ಲ, ಪಟ್ಟಣದ ಆಚೆ ತುದಿಯ ವಿಶೇಷ ತರಗತಿಗೆ ಹೋಗಬೇಕೆಂದು ನಿರ್ಧಾರವಾಗಿತ್ತು. ತಾಯಿ ಯೊನ್ನಾ ವೃದ್ಧಾಶ್ರಮದಲ್ಲಿ ದುಡಿಯುವವಳು. ಮನೆಯಲ್ಲಿ ಹೇಳಿಸಿದಿರಾ ಎಂದು ಕೇಳಿದರೆ ನೆಲ ನೋಡುತ್ತಿದ್ದಳು. ನಮ್ಮ ಮುಖ್ಯಸ್ಥೆ ಕೈಬಿಡೋಣ ಎಂದರು. ಅದಕ್ಕೆ ಮೊದಲು ನಾನೊಮ್ಮೆ ಅವರ ಮನೆಗೆ ಹೋದೆ.

ಬಾಗಿಲಲ್ಲೇ ಯೊನ್ನಾ, "ಮೆಲ್ಲಗೆ ಮಾತಾಡಿ ಸೋಲ್ವೇಗ್, ಕೆಳಗಡೆ ಮನೇಲಿ ರುನೆ ಇದಾರೆ," ಎಂದಳು. ನಾನು ಶೂ ಬಿಚ್ಚಿ ಇಟ್ಟೆನಷ್ಟೇ, ಕೆಳಗಿನ ಮನೆಯವರು ಪೊರಕೆ ಹಿಡಿಯಿಂದ ತಮ್ಮ ಚಾವಣಿಗೆ ಧಡ್ ಧಡ್ ಎಂದು ಕುಟ್ಟಿದ ಸದ್ದು!

"ಈ ಮನೆ ನಮ್ಮ ಹೆಸರಲ್ಲಿಲ್ಲ. ಬಾಡಿಗೆಗೆ ಇರೋರ ಹತ್ರ ನಾವು ಬಾಡಿಗೆಗೆ ಇದೀವಿ. ರುನೆ ಒಂದು ದೂರು ಕೊಟ್ರೆ ಸಾಕು, ಗಂಟುಮೂಟೆ ಕಟ್ಟಬೇಕು. ಹಿಂದಿನ ಮನೆ ಹೋಗಿದ್ದೂ ಹಾಗೇ. ಅದಕ್ಕೇ ಇವಳಿಗೆ ಸದ್ದು ಮಾಡದೆ ಇರೋದು ಕಲಿಸಿದೀನಿ. ಜಾಣೆ, ಬೇಗ ಕಲಿತಳು."

ಸಭಿಕರೇ, ಕಾಯಿಲೆ ಯಾರದು? ನಾವು ಆ ಮಗುವಿನ ಗಂಟಲು ಪರೀಕ್ಷಿಸಿದ್ದೆವು, ಅವಳ ಮನೆಯ ನೆಲ ಎಷ್ಟು ತೆಳುವೆಂದು ಯಾರೂ ಕೇಳಿರಲಿಲ್ಲ.

ನನಗೆ ಇದು ಹೊಸದೇನಲ್ಲ. ನಮ್ಮಪ್ಪ ಕಾಗದದ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯವರು, ಹಗಲು ನಿದ್ದೆ. ಅಮ್ಮ ತುಟಿಯ ಮೇಲೆ ಬೆರಳಿಟ್ಟುಕೊಂಡೇ ನಮ್ಮನ್ನೆಲ್ಲ ಸಾಕಿದಳು. ಅವಳ ಅಂತ್ಯಕ್ರಿಯೆಯ ದಿನ ನಾನು ಎದ್ದು ನಿಂತು ನಾಲ್ಕು ಮಾತಾಡಿದೆ. ಮುಗಿದ ಮೇಲೆ ಅಪ್ಪ ಹತ್ತಿರ ಬಂದು, "ನಿನ್ನ ದನಿ ಹೀಗಿದೆಯಾ?" ಎಂದರು. ಆಗ ನನಗೆ ನಲವತ್ತು ದಾಟಿತ್ತು. ಇರಲಿ, ವಿಷಯಕ್ಕೆ ಬರೋಣ.

ಆ ಕಟ್ಟಡದಲ್ಲಿ ಗದ್ದಲಕ್ಕೆ ಅನುಮತಿಯಿರುವ ಒಂದೇ ಜಾಗ, ಎಲ್ಲ ಮನೆಯವರೂ ಸರದಿಯ ಮೇಲೆ ಬಳಸುವ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆ. "ನಿಮ್ಮ ಸರದಿ ಯಾವತ್ತು?" ಎಂದು ಯೊನ್ನಾಳನ್ನು ಕೇಳಿದೆ.

"ಬಟ್ಟೆ ಕೊಳೆ ಆಗಿಲ್ವಲ್ಲ?"

"ಆಗದಿದ್ರೂ ಒಗೆಯೋಣ."

ಗೋಡೆಯ ಮೇಲೆ ದಿನ, ಗಂಟೆ ಬರೆದ ಸರದಿಯ ಹಲಗೆ, ಮನೆಗೊಂದು ಪುಟ್ಟ ಬೀಗ; ಹಲಗೆಯಲ್ಲಿ ನಮ್ಮ ಹೊತ್ತಿಗೆ ಬೀಗ ಸಿಕ್ಕಿಸುವುದು ತೂವಾಳ ಕೆಲಸ. ಬೀಗ ಬಿತ್ತೆಂದರೆ ಆ ಹೊತ್ತು ನಮ್ಮದು. ನಮ್ಮ ಜನ ದೇವರನ್ನಾದರೂ ಕಾಯಿಸುತ್ತಾರೆ, ಒಗೆಯುವ ಸರದಿ ತಪ್ಪಿಸುವವರಲ್ಲ. ಯಂತ್ರ ಗಡಗಡ ತಿರುಗುವಾಗ ಅವಳು ಪಿಸುಗುಟ್ಟುವಳು. "ಕೇಳಿಸ್ಲಿಲ್ಲ ಕಣೇ!" ಎಂದು ನಾನು ಕಿರುಚುವೆ. ನನಗೆ ನಿಜವಾಗಿಯೂ ಕೇಳಿಸುತ್ತಿರಲಿಲ್ಲ. ಒಗೆದದ್ದನ್ನೇ ಒಗೆದು ಯೊನ್ನಾಳ ಹಾಸಿಗೆಯ ಬಟ್ಟೆಗಳು ಜಾಳಾದವು. ಹುಡುಗಿಯ ದನಿ ಮಾತ್ರ ವಾರದಿಂದ ವಾರಕ್ಕೆ ಏರಿತು, ಆದರೆ ನಮ್ಮಿಬ್ಬರ ಮುಂದಷ್ಟೇ. ಬೇರೆಯವರು ಕಂಡರೆ ಮತ್ತೆ ಪಿಸುಮಾತು.

ಒಂದು ದಿನ ರುನೆ ಬುಟ್ಟಿ ಹಿಡಿದು ತಮ್ಮ ಸರದಿಯ ಹೊತ್ತಿಗೆ ಮುಂಚೆಯೇ ಇಳಿದು ಬಂದರು. "ಏನಿದು ಸಂತೆ? ನಡೀರಿ, ನಡೀರಿ, ನನ್ನ ಬಟ್ಟೆ ಹಾಕ್ಬೇಕು."

ಯೊನ್ನಾ ಗಾಬರಿಯಿಂದ ಯಂತ್ರ ನಿಲ್ಲಿಸಲು ಹೋದಳು. ತೂವಾ ಅಡ್ಡ ನಿಂತಳು.

"ಮುಟ್ಬೇಡಿ! ಬೀಗ ನೋಡಿ! ನಮ್ಮ ಸರದಿ ಇನ್ನೂ ಮುಗಿದಿಲ್ಲ!"

ಯೊನ್ನಾಳ ಬೆರಳು ಅಭ್ಯಾಸಬಲದಿಂದ ತುಟಿಗೆ ಹೋಯಿತು. ನಾನು ಆ ಕೈಯನ್ನು ಹಿಡಿದುಕೊಂಡೆ. ರುನೆ ಹಲಗೆ ನೋಡಿದರು, ಗಡಿಯಾರ ನೋಡಿದರು. ಆ ಮನುಷ್ಯನಿಗೆ ಸದ್ದು ಕಂಡರಾಗದು, ಆದರೆ ನಿಯಮವೆಂದರೆ ಪ್ರಾಣ. "ಹುಡುಗಿ ಹೇಳೋದು ಸರಿ," ಎಂದು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತರು. ಹೊರಗಿನವರ ಮುಂದೆ ತೂವಾ ಬಾಯಿ ಬಿಟ್ಟದ್ದು ಅದೇ ಮೊದಲು.

ಪೊರಕೆ ನಿಂತಿತೇ? ಇಲ್ಲ. ಆ ಚಳಿಗಾಲದಲ್ಲಿ ಮೂಲ ಬಾಡಿಗೆದಾರ ಮರಳಿ ಬಂದ, ತಾಯಿ ಮಗಳು ಆ ಮನೆಯನ್ನೂ ಬಿಡಬೇಕಾಯಿತು. ಬಟ್ಟೆ ಒಗೆಯುವ ಕೋಣೆ ಮನೆಯ ಚಿಂತೆಗೆ ಮದ್ದಲ್ಲ. ಅತಿಥಿಗಳೇ, ಆ ಮದ್ದು ನಿಮ್ಮ ಪುರಸಭೆಯ ಕೈಯಲ್ಲಿದೆ. ಆದರೆ ತೂವಾ ಎಲ್ಲ ಮಕ್ಕಳ ಜೊತೆಗೇ ಶಾಲೆಗೆ ಹೋದಳು.

ಈಗ ಮೂರನೆಯ ಸಾಲಿನಲ್ಲಿ ಅಮ್ಮನ ಪಕ್ಕ ಕೂತಿದ್ದಾಳೆ. ನಾನು ಮಾತು ಶುರು ಮಾಡಿದಾಗಿನಿಂದ ಅವಳೂ ಮಾತಾಡುತ್ತಲೇ ಇದ್ದಾಳೆ. ಅಧ್ಯಕ್ಷರು ಅವಳತ್ತ ನೋಡಿ ಆಗಿನಿಂದಲೂ ತುಟಿಗೆ ಬೆರಳಿಡುತ್ತಿದ್ದಾರೆ.

ಹೋಕನ್ ಅವರೇ, ದಯವಿಟ್ಟು ಆ ಬೆರಳು ಇಳಿಸಿ. ನನ್ನ ಸರದಿ ಮುಗಿಯಿತು, ಅವಳದು ನಡೆಯಲಿ. ಕೇಳಿಸಿಕೊಂಡ ನಿಮಗೆಲ್ಲ ಧನ್ಯವಾದ. ನಮಸ್ಕಾರ.